ಗ್ರಾಫಿಕ್ಸ್ ಡ್ರೈವರು: ತೆಗೆಯುವ ಕ್ರಮ, ಮರಳಿ ಹಾಕುವ ಕ್ರಮ

ಯಂತ್ರವು ಮನುಷ್ಯನ ಸೇವಕನೆಂದು ಹೇಳುವುದು ವಾಡಿಕೆ. ಆದರೆ ಸೇವಕನ ಸ್ವಭಾವವನ್ನರಿಯದ ಯಜಮಾನನು ಸೇವಕನಿಗೇ ಅಂಜಿ ಬಾಳಬೇಕಾಗುತ್ತದೆ. ಇಂದು ಮನೆಗಳಿಗೆ ಬಂದಿರುವ ಕಂಪ್ಯೂಟರಿನ ವಿಷಯದಲ್ಲಿ ನಮ್ಮ ಸ್ಥಿತಿ ಬಹುಮಟ್ಟಿಗೆ ಹೀಗೆಯೇ ಇದೆ. ಅದು ಚೆನ್ನಾಗಿ ನಡೆಯುವವರೆಗೆ ನಾವು ಅದರ ಒಡೆಯರು. ಒಂದು ದಿನ ಪರದೆ ಕಪ್ಪಾದರೆ ಕೈಕಾಲು ಆಡುವುದಿಲ್ಲ. ನಮ್ಮಲ್ಲಿ ಅನೇಕರ ಮನೆಗಳಲ್ಲಿ, ನನ್ನ ಮನೆಯಲ್ಲಿಯೂ ಸಹ, ಕಾಲೇಜಿನ ಮೆಟ್ಟಲು ಹತ್ತಿದವರಲ್ಲಿ ನಾವೇ ಮೊದಲಿಗರು. ಕೇಳಿ ತಿಳಿಯೋಣವೆಂದರೆ ಮನೆಯಲ್ಲಿ ಹೇಳುವವರಿಲ್ಲ. ಅಂಗಡಿಗೆ ಒಯ್ಯೋಣವೆಂದರೆ ಹಣದ ಪ್ರಶ್ನೆ. ಆದುದರಿಂದ, ಕಲಾ ವಿಭಾಗದ ವಿದ್ಯಾರ್ಥಿಯಾದರೂ ಈ ವಿಷಯವನ್ನೆತ್ತಿಕೊಂಡು, ವಿಂಡೋಸ್ ಇರುವ ಮನೆಯ ಕಂಪ್ಯೂಟರಿನಲ್ಲಿ ಗ್ರಾಫಿಕ್ಸ್ ಕಾರ್ಡಿನ ಡ್ರೈವರನ್ನು ಅಪಾಯವಿಲ್ಲದೆ ತೆಗೆದು ಮತ್ತೆ ಹಾಕುವ ಬಗೆಯನ್ನು ವಾಚಕರ ಮುಂದಿಡಲು ಯತ್ನಿಸಿದ್ದೇನೆ.

ಡ್ರೈವರು ಎಂದರೇನು?

ಡ್ರೈವರು ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವವನು ಬಸ್ಸು ನಡೆಸುವವನು. ಇಲ್ಲಿನ ಡ್ರೈವರು ಮನುಷ್ಯನಲ್ಲ, ಒಂದು ತಂತ್ರಾಂಶ. ಇದರ ಕೆಲಸವನ್ನು ಮಾವುತನ ಕೆಲಸಕ್ಕೆ ಹೋಲಿಸಬಹುದು. ದಸರಾ ಮೆರವಣಿಗೆಯಲ್ಲಿ ಬಲವಿರುವುದು ಆನೆಗೆ. ಎಲ್ಲಿ ನಡೆಯಬೇಕು, ಎಲ್ಲಿ ನಿಲ್ಲಬೇಕು ಎಂದು ಗೊತ್ತುಮಾಡುವವರು ಅಧಿಕಾರಿಗಳು. ಆದರೆ ಆನೆಗೆ ತಿಳಿಯುವುದು ಮಾವುತನ ಸಂಜ್ಞೆ ಮಾತ್ರ. ಗ್ರಾಫಿಕ್ಸ್ ಕಾರ್ಡು ಆನೆಯಿದ್ದಂತೆ, ವಿಂಡೋಸ್ ಆಜ್ಞೆ ಕೊಡುವ ಅಧಿಕಾರಿಯಿದ್ದಂತೆ, ಡ್ರೈವರು ಇವೆರಡರ ನಡುವಣ ಮಾವುತ. ಎನ್ವಿಡಿಯಾ ಕಾರ್ಡಿಗೆ ಎನ್ವಿಡಿಯಾದ ಡ್ರೈವರೇ ಬೇಕು, ಎಎಂಡಿ ಕಾರ್ಡಿಗೆ ಎಎಂಡಿಯದೇ ಬೇಕು; ಒಂದರ ಸಂಜ್ಞೆ ಇನ್ನೊಂದಕ್ಕೆ ತಿಳಿಯದು.

ಈ ತಂತ್ರಾಂಶದ ಒಂದು ಭಾಗವು ಕರ್ನೆಲ್ ಎಂಬ, ಇಡೀ ವ್ಯವಸ್ಥೆಯ ಗರ್ಭಗುಡಿಯಲ್ಲಿ ಕೆಲಸ ಮಾಡುತ್ತದೆ. ಸಾಧಾರಣ ಪ್ರೋಗ್ರಾಮು ಕೆಟ್ಟರೆ ಅದೊಂದೇ ಮುಚ್ಚಿಹೋಗುತ್ತದೆ. ಗರ್ಭಗುಡಿಯಲ್ಲಿ ತಪ್ಪಾದರೆ ಯಂತ್ರವೇ ನಿಂತುಹೋಗುತ್ತದೆ. ೨೦೨೪ರ ಜುಲೈ ೧೯ರಂದು ಇದಕ್ಕೆ ದೊಡ್ಡ ನಿದರ್ಶನ ದೊರೆಯಿತು. ಕ್ರೌಡ್‌ಸ್ಟ್ರೈಕ್ ಎಂಬ ಸಂಸ್ಥೆಯ ರಕ್ಷಣಾ ತಂತ್ರಾಂಶದ ಒಂದು ದೋಷಯುಕ್ತ ಕಡತದಿಂದ, ಮೈಕ್ರೋಸಾಫ್ಟ್ ಸಂಸ್ಥೆಯ ಅಂದಾಜಿನಂತೆ, ೮೫ ಲಕ್ಷ ಯಂತ್ರಗಳು ಕುಸಿದವು. ನಮ್ಮ ದೇಶದ ವಿಮಾನನಿಲ್ದಾಣಗಳಲ್ಲಿಯೂ ಪ್ರಯಾಣಿಕರಿಗೆ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದು ಕೊಡಬೇಕಾಯಿತು. ಅದು ಗ್ರಾಫಿಕ್ಸ್ ಡ್ರೈವರಲ್ಲ, ನಿಜ. ಆದರೆ ಕರ್ನೆಲ್ಲಿನಲ್ಲಿ ಕೆಲಸ ಮಾಡುವ ಡ್ರೈವರೊಂದು ಎಡವಿದರೆ ಏನಾಗುವುದೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಯಂತ್ರವನ್ನು ಸೇಫ್ ಮೋಡಿನಲ್ಲಿ ತೆರೆದು ಆ ಕಡತವನ್ನು ಅಳಿಸುವುದು ಆಗ ತಿಳಿಸಲಾದ ಪರಿಹಾರಗಳಲ್ಲೊಂದು. ಈ ಸೇಫ್ ಮೋಡಿನ ಪ್ರಸ್ತಾಪ ಮುಂದೆ ಬರುತ್ತದೆ.

ತೆಗೆಯಬೇಕಾಗುವುದೇಕೆ?

ಕಾರಣಗಳು ಮುಖ್ಯವಾಗಿ ಮೂರು. ಹೊಸ ಡ್ರೈವರಿನಲ್ಲಿಯೇ ದೋಷವಿರಬಹುದು. ೨೦೧೦ರ ಮಾರ್ಚಿಯಲ್ಲಿ ಎನ್ವಿಡಿಯಾ ಸಂಸ್ಥೆಯು ತನ್ನ ೧೯೬.೭೫ ಸಂಖ್ಯೆಯ ಡ್ರೈವರನ್ನು ಹಿಂತೆಗೆದುಕೊಂಡಿತು. ಕಾರ್ಡನ್ನು ತಂಪುಗೊಳಿಸುವ ಪಂಖದ ವೇಗವನ್ನು ಅದು ಸರಿಯಾಗಿ ನಿಯಂತ್ರಿಸದೆ ಕಾರ್ಡು ಕಾಯುತ್ತಿದ್ದುದೇ ಕಾರಣ. ಎರಡನೆಯದಾಗಿ, ಒಂದು ಸಂಸ್ಥೆಯ ಕಾರ್ಡನ್ನು ತೆಗೆದು ಇನ್ನೊಂದರದನ್ನು ಕೂಡಿಸಿದಾಗ ಹಳೆಯ ಮಾವುತನ ಸರಂಜಾಮು ಅಲ್ಲಿಯೇ ಉಳಿದು ಹೊಸಬನಿಗೆ ತೊಡಕಾಗುವುದುಂಟು. ಮೂರನೆಯದಾಗಿ, ಡ್ರೈವರು ಹಾಕುತ್ತಿರುವಾಗ ವಿದ್ಯುತ್ತು ಹೋಗಿ ಕೆಲಸ ಅರ್ಧಕ್ಕೆ ನಿಲ್ಲಬಹುದು.

ಆದರೆ ಎಲ್ಲ ತೊಂದರೆಗೂ ಡ್ರೈವರೇ ಕಾರಣವೆಂದು ತಿಳಿಯಬಾರದು. ಪರದೆ ಒಮ್ಮೆ ಸ್ತಬ್ಧವಾದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್ ಮತ್ತು ಬಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಡ್ರೈವರು ಮರುಚಾಲನೆಗೊಳ್ಳುತ್ತದೆ. ಇತ್ತೀಚೆಗೆ ಹಾಕಿದ ಡ್ರೈವರಿನಿಂದಲೇ ತೊಂದರೆಯಾಗಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ಕಾರ್ಡಿನ ಪ್ರಾಪರ್ಟೀಸ್ ತೆರೆದು, ಡ್ರೈವರ್ ಎಂಬ ಪುಟದಲ್ಲಿ ರೋಲ್ ಬ್ಯಾಕ್ ಗುಂಡಿಯನ್ನು ಒತ್ತಬೇಕು. ಹಿಂದಿನ ಡ್ರೈವರು ಉಳಿದಿದ್ದರೆ ಅದು ಮರಳಿ ಬರುತ್ತದೆ. ಬೆರಳಿನಿಂದ ಹೋಗುವುದಕ್ಕೆ ಕೊಡಲಿ ಏಕೆ? ಇವೆರಡೂ ಫಲಿಸದಿದ್ದರೆ ಮಾತ್ರ ಪೂರ್ತಿ ತೆಗೆಯುವ ಕೆಲಸಕ್ಕೆ ಕೈಹಾಕಬೇಕು.

ಪೂರ್ವಸಿದ್ಧತೆ

ಈ ಕೆಲಸದಲ್ಲಿ ಕೆಡುವವರು ಬಹುಮಟ್ಟಿಗೆ ತೆಗೆಯುವಾಗ ಕೆಡುವುದಿಲ್ಲ. ಸಿದ್ಧತೆಯಿಲ್ಲದೆ ತೆಗೆಯುವುದರಿಂದ ಕೆಡುತ್ತಾರೆ. ಹೊಳೆಗೆ ಇಳಿಯುವ ಮುನ್ನ ದಡಕ್ಕೆ ಮರಳುವ ದಾರಿಯನ್ನು ನೋಡಿಕೊಂಡಿರಬೇಕು. ಆ ದಾರಿಯ ಅಂಗಗಳು ಇವು.

ಮೊದಲನೆಯದು, ಕಾರ್ಡು ಯಾವುದೆಂದು ಖಚಿತಪಡಿಸಿಕೊಳ್ಳುವುದು. ಡಿವೈಸ್ ಮ್ಯಾನೇಜರಿನ ಡಿಸ್‌ಪ್ಲೇ ಅಡಾಪ್ಟರ್ಸ್ ಎಂಬಲ್ಲಿ ಅದರ ಹೆಸರಿರುತ್ತದೆ. ಕಾಗದದ ಮೇಲೆ ಬರೆದುಕೊಳ್ಳಬೇಕು. ಹೆಸರು ಕಾಣದಿದ್ದರೆ ಡೀಟೇಲ್ಸ್ ಪುಟದಲ್ಲಿ ಹಾರ್ಡ್‌ವೇರ್ ಐಡಿ ನೋಡಬೇಕು. ಅದರಲ್ಲಿ ತಯಾರಕರ ಸಂಕೇತವು ೧೦ಡಿಇ ಎಂದಿದ್ದರೆ ಎನ್ವಿಡಿಯಾ, ೧೦೦೨ ಎಂದಿದ್ದರೆ ಎಎಂಡಿ, ೮೦೮೬ ಎಂದಿದ್ದರೆ ಇಂಟೆಲ್.

ಎರಡನೆಯದು, ಹೊಸ ಡ್ರೈವರನ್ನು ಮುಂಚಿತವಾಗಿ ತಂದಿಟ್ಟುಕೊಳ್ಳುವುದು. ತಯಾರಕರ ಸ್ವಂತ ಜಾಲತಾಣದಿಂದಲೇ ತರಬೇಕು; ನಿಮ್ಮ ಡ್ರೈವರುಗಳೆಲ್ಲ ಹಳೆಯವಾಗಿವೆ ಎಂದು ಪರದೆಯ ಮೇಲೆ ತಾವಾಗಿ ಬಂದು ಹೆದರಿಸುವ ಜಾಹೀರಾತುಗಳನ್ನು ನಂಬಲಾಗದು. ಹೊಸತೆಲ್ಲ ಎಲ್ಲರಿಗೂ ಹೊಂದುವುದೆಂದೂ ಇಲ್ಲ. ಅನೇಕ ಮನೆಗಳಲ್ಲಿರುವ ಜಿಟಿ ೭೧೦ ಕಾರ್ಡು ಕೆಪ್ಲರ್ ಪೀಳಿಗೆಯದು. ಆ ಪೀಳಿಗೆಯ ಮನೆಬಳಕೆಯ ಕಾರ್ಡುಗಳನ್ನು ಎನ್ವಿಡಿಯಾ ೨೦೨೧ರ ಅಕ್ಟೋಬರಿನಿಂದ ತನ್ನ ಹೊಸ ಡ್ರೈವರುಗಳಿಂದ ಬಿಟ್ಟಿದೆ. ಅಂಥವರು ತಯಾರಕರ ತಾಣದಲ್ಲಿ ಕಾರ್ಡಿನ ಹೆಸರನ್ನೇ ಕೊಟ್ಟು ಅದಕ್ಕೆ ಒಪ್ಪುವ ೪೭೦ರ ಸಾಲಿನ ಡ್ರೈವರನ್ನು ಪಡೆಯಬೇಕು. ಈಗಿನ ಕಡತಗಳು ನೂರಾರು ಮೆಗಾಬೈಟು ಗಾತ್ರದವು. ಮೊಬೈಲಿನ ದಿನದ ಡೇಟಾ ಸಾಲದಿದ್ದರೆ ಸ್ನೇಹಿತರ ಮನೆಯಲ್ಲಿ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ತರಬಹುದು. ಹಿಂದೆ ಚೆನ್ನಾಗಿ ನಡೆಯುತ್ತಿದ್ದ ಆವೃತ್ತಿ ಯಾವುದೆಂದು ನೆನಪಿದ್ದರೆ ಅದನ್ನೂ ಜೊತೆಗಿಟ್ಟುಕೊಳ್ಳುವುದು ಲೇಸು.

ಮೂರನೆಯದು, ಬೆಲೆಯುಳ್ಳ ಕಡತಗಳ ಪ್ರತಿಯನ್ನು ಬೇರೆಡೆ ಇಟ್ಟು, ವಿಂಡೋಸಿನಲ್ಲಿ ರಿಸ್ಟೋರ್ ಪಾಯಿಂಟ್ ಒಂದನ್ನು ಮಾಡಿಡುವುದು. ಡ್ರೈವರನ್ನು ತೆಗೆಯುವುದರಿಂದ ನಮ್ಮ ಬರಹ, ಚಿತ್ರ, ಹಾಡುಗಳಿಗೆ ಏನೂ ಆಗುವುದಿಲ್ಲ. ಆದರೂ ಪ್ರತಿಯಿದ್ದರೆ ಕೈ ನಡುಗುವುದಿಲ್ಲ.

ನಾಲ್ಕನೆಯದನ್ನು ಬಹಳ ಜನ ಮರೆಯುತ್ತಾರೆ. ಹೊಸ ಯಂತ್ರಗಳಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಎಂಬ ಬೀಗ ತಾನಾಗಿಯೇ ಬಿದ್ದಿರುವುದುಂಟು. ಸೇಫ್ ಮೋಡಿಗೆ ಹೋಗುವಾಗ ಅದು ೪೮ ಅಂಕೆಗಳ ರಿಕವರಿ ಕೀ ಕೇಳಬಹುದು. ಮೈಕ್ರೋಸಾಫ್ಟ್ ಖಾತೆಯಲ್ಲಿ ಅದನ್ನು ನೋಡಿ ಮೊದಲೇ ಬರೆದಿಟ್ಟುಕೊಳ್ಳಬೇಕು. ದಿನವೂ ಬಳಸುವ ಪಿನ್ ಕೆಲವೊಮ್ಮೆ ಸೇಫ್ ಮೋಡಿನಲ್ಲಿ ನಡೆಯದು. ಆದ್ದರಿಂದ ಖಾತೆಯ ಪಾಸ್‌ವರ್ಡು ನೆನಪಿರಬೇಕು.

ಕೊನೆಯದಾಗಿ, ವಿದ್ಯುತ್ತು ನಿಲ್ಲುವ ಹೊತ್ತಿನಲ್ಲಿ ಈ ಕೆಲಸ ಕೂಡದು. ಯುಪಿಎಸ್ ಇದ್ದರೆ ಒಳ್ಳೆಯದು. ಲ್ಯಾಪ್‌ಟಾಪಾದರೆ ಚಾರ್ಜರನ್ನು ಸಿಕ್ಕಿಸಿರಬೇಕು.

ತೆಗೆಯುವ ಕ್ರಮ

ಎಲ್ಲಕ್ಕೂ ಮುಂಚೆ ಅಂತರ್ಜಾಲದ ಸಂಪರ್ಕವನ್ನು ಕಡಿಯಬೇಕು. ಕಾರ್ಡಿಗೆ ಡ್ರೈವರಿಲ್ಲವೆಂದು ಕಂಡೊಡನೆ ವಿಂಡೋಸ್ ಅಪ್‌ಡೇಟ್ ತಾನೇ ಒಂದನ್ನು ತಂದು ಹಾಕುತ್ತದೆ. ನಾವು ಒಂದು ಬಾಗಿಲಿನಿಂದ ಹಳಬನನ್ನು ಕಳುಹಿಸುತ್ತಿರುವಾಗ ಇನ್ನೊಂದು ಬಾಗಿಲಿನಿಂದ ಕರೆಯದವನು ಬಂದು ಕುಳಿತಂತಾಗುತ್ತದೆ.

ಸಾಧಾರಣ ಸಂದರ್ಭದಲ್ಲಿ ಸೆಟ್ಟಿಂಗ್ಸ್‌ನ ಆ್ಯಪ್ಸ್ ಪಟ್ಟಿಯಲ್ಲಿ ಕಾರ್ಡಿನ ತಯಾರಕರ ತಂತ್ರಾಂಶವನ್ನು ಅನ್‌ಇನ್‌ಸ್ಟಾಲ್ ಮಾಡಿದರೆ ಸಾಕು. ಅನಂತರವೂ ಡಿವೈಸ್ ಮ್ಯಾನೇಜರಿನಲ್ಲಿ ತಯಾರಕರ ಡ್ರೈವರು ಉಳಿದಿದ್ದರೆ ಅಲ್ಲಿ ಅನ್‌ಇನ್‌ಸ್ಟಾಲ್ ಡಿವೈಸ್ ಆಯ್ದು, ಡ್ರೈವರನ್ನೂ ತೆಗೆಯಬೇಕೆಂಬ ಚೌಕಕ್ಕೆ ಗುರುತು ಹಾಕಿ, ಯಂತ್ರವನ್ನು ಮತ್ತೆ ಚಾಲೂ ಮಾಡಬೇಕು. ಆಗ ಅಕ್ಷರಗಳು ದಪ್ಪವಾಗಿ, ಚಿತ್ರಗಳು ನಿಧಾನವಾಗಿ ಕಾಣುತ್ತವೆ. ಹೆದರಬೇಕಾದುದಿಲ್ಲ. ಸ್ವಂತ ಡ್ರೈವರಿಲ್ಲದ ಕಾರ್ಡಿಗೆ ವಿಂಡೋಸ್ ತನ್ನದೇ ಆದ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಎಂಬ ತಾತ್ಕಾಲಿಕ ಡ್ರೈವರನ್ನು ಕೊಡುತ್ತದೆ. ಅದು ಆನೆಯನ್ನು ಮೆರವಣಿಗೆಗೆ ಒಯ್ಯಲಾರದು. ಲಾಯದಲ್ಲಿ ಶಾಂತವಾಗಿ ನಿಲ್ಲಿಸಬಲ್ಲದು.

ಇಷ್ಟರಿಂದ ತೊಂದರೆ ತೀರದಿದ್ದರೆ ಎರಡನೆಯ ಉಪಾಯವಿದೆ. ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್, ಸಂಕ್ಷೇಪವಾಗಿ ಡಿಡಿಯು, ಎಂಬ ಉಚಿತ ಸಾಧನವು ಹಳೆಯ ಡ್ರೈವರಿನ ಕಡತಗಳನ್ನೂ ರಿಜಿಸ್ಟ್ರಿಯಲ್ಲಿ ಉಳಿದ ನಮೂದುಗಳನ್ನೂ ಹುಡುಕಿ ತೆಗೆಯುತ್ತದೆ. ಎಎಂಡಿ ಸಂಸ್ಥೆಯು ತನ್ನ ಕಾರ್ಡುಗಳಿಗಾಗಿ ಕ್ಲೀನಪ್ ಯುಟಿಲಿಟಿ ಎಂಬುದನ್ನು ತಾನೇ ಕೊಡುತ್ತದೆ. ಡಿಡಿಯು ಬಳಸುವವರು ಅದನ್ನು ಸೇಫ್ ಮೋಡಿನಲ್ಲಿ ನಡೆಸುವುದು ಕ್ಷೇಮ. ಅಲ್ಲಿ ತಯಾರಕರ ಡ್ರೈವರು ಕೆಲಸದಲ್ಲಿರುವುದಿಲ್ಲವಾದ್ದರಿಂದ ಅದರ ಕಡತಗಳು ಸುಲಭವಾಗಿ ಬಿಟ್ಟುಕೊಡುತ್ತವೆ. ಶಿಫ್ಟ್ ಕೀಲಿಯನ್ನು ಒತ್ತಿಹಿಡಿದು ರೀಸ್ಟಾರ್ಟ್ ಕೊಟ್ಟರೆ ನೀಲಿಯ ಪಟ್ಟಿಯೊಂದು ಬರುತ್ತದೆ. ಅದರಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್ ಎಂಬ ಕ್ರಮದಲ್ಲಿ ಹೋಗಿ, ರೀಸ್ಟಾರ್ಟ್ ಆದ ಮೇಲೆ ೪ ಒತ್ತಿದರೆ ಸೇಫ್ ಮೋಡು ತೆರೆಯುತ್ತದೆ. ಡಿಡಿಯುವಿನಲ್ಲಿ ಕಾರ್ಡಿನ ತಯಾರಕರನ್ನು ಆಯ್ದು ಕ್ಲೀನ್ ಅಂಡ್ ರೀಸ್ಟಾರ್ಟ್ ಒತ್ತುವುದಷ್ಟೇ ಕೆಲಸ. ಇದನ್ನು ಪ್ರತಿ ಸಲ ಡ್ರೈವರು ಬದಲಿಸುವಾಗಲೂ ಮಾಡಬೇಕಾಗಿಲ್ಲ. ನಿತ್ಯದ ಊಟವಲ್ಲ, ಔಷಧ.

ಕಡತಗಳನ್ನು ನಾವೇ ಹುಡುಕಿ ಅಳಿಸಿದರಾಗದೆ ಎಂದು ಕೆಲವರು ಕೇಳಬಹುದು. ಆಗದು. ವಿಂಡೋಸ್ ಡ್ರೈವರುಗಳನ್ನು ಡ್ರೈವರ್ ಸ್ಟೋರ್ ಎಂಬ ಉಗ್ರಾಣದಲ್ಲಿ ಕಂತೆಕಂತೆಯಾಗಿ, ಸಹಿಯ ಲೆಕ್ಕದೊಡನೆ ಇಟ್ಟಿರುತ್ತದೆ. ಒಂದು ಕಂತೆಯಿಂದ ಒಂದು ಹಾಳೆಯನ್ನು ಕಿತ್ತರೆ ಲೆಕ್ಕ ತಪ್ಪಿ, ಡ್ರೈವರು ಪೂರ್ತಿ ಹೋಗದೆಯೂ ಪೂರ್ತಿ ಇರದೆಯೂ ತ್ರಿಶಂಕುವಿನಂತಾಗುತ್ತದೆ.

ಮರಳಿ ಹಾಕುವ ಕ್ರಮ

ಯಂತ್ರವು ಸಾಧಾರಣ ರೀತಿಯಲ್ಲಿ ತೆರೆದ ಮೇಲೆ, ಅಂತರ್ಜಾಲವನ್ನು ಇನ್ನೂ ಸೇರಿಸದೆ, ತಂದಿಟ್ಟ ಕಡತವನ್ನು ನಡೆಸಬೇಕು. ಎನ್ವಿಡಿಯಾದಲ್ಲಿ ಕಸ್ಟಮ್ ಎಂಬುದನ್ನು ಆಯ್ದರೆ ಕ್ಲೀನ್ ಇನ್‌ಸ್ಟಲೇಷನ್ ಎಂಬ ಆಯ್ಕೆಯೂ ದೊರೆಯುತ್ತದೆ. ನಡುವೆ ಪರದೆ ಕೆಲವು ಕ್ಷಣ ಕಪ್ಪಾಗುವುದು, ಒಂದೆರಡು ಸಲ ಮಿನುಗುವುದು ಸಹಜ; ಮಾವುತರು ಬದಲಾಗುವ ಹೊತ್ತು ಅದು. ಆಗ ಗಾಬರಿಯಿಂದ ಸ್ವಿಚ್ಚು ಆರಿಸುವುದೇ ನಿಜವಾದ ಅಪಾಯ. ಮುಗಿದ ಮೇಲೆ ಮತ್ತೊಮ್ಮೆ ಯಂತ್ರವನ್ನು ಚಾಲೂ ಮಾಡಿ, ಡಿವೈಸ್ ಮ್ಯಾನೇಜರಿನಲ್ಲಿ ಕಾರ್ಡಿನ ಹೆಸರು ಹಳದಿ ಗುರುತಿಲ್ಲದೆ ಕಾಣುವುದೇ ಎಂದು ನೋಡಿ, ಆಮೇಲೆ ಅಂತರ್ಜಾಲವನ್ನು ಸೇರಿಸಬೇಕು.

ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ ಎರಡು ಗ್ರಾಫಿಕ್ಸ್ ಭಾಗಗಳಿರುವುದುಂಟು: ಪ್ರೊಸೆಸರಿನೊಳಗಣದೊಂದು, ಪ್ರತ್ಯೇಕವಾದುದೊಂದು. ಎರಡನ್ನೂ ಒಟ್ಟಿಗೆ ಕದಲಿಸದೆ ತೊಂದರೆ ಕೊಡುತ್ತಿರುವುದನ್ನಷ್ಟೇ ಮುಟ್ಟಬೇಕು. ಡ್ರೈವರನ್ನು ಮೊದಲು ಲ್ಯಾಪ್‌ಟಾಪು ತಯಾರಿಸಿದವರ ತಾಣದಲ್ಲಿ ಹುಡುಕುವುದು ಉತ್ತಮ.

ಪರೀಕ್ಷೆ

ತರ್ಕಶಾಸ್ತ್ರವನ್ನು ಓದಿದವರಿಗೆ ಜಾನ್ ಸ್ಟುವರ್ಟ್ ಮಿಲ್ಲನು ೧೮೪೩ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿರುವ ವ್ಯತಿರೇಕ ಕ್ರಮವು ಪರಿಚಿತವಾದುದೇ. ಉಳಿದೆಲ್ಲವೂ ಒಂದೇ ಆಗಿದ್ದು, ಒಂದು ಸಂಗತಿ ಮಾತ್ರ ಬದಲಾದಾಗ ಫಲವೂ ಬದಲಾದರೆ, ಆ ಸಂಗತಿಯೇ ಕಾರಣ ಅಥವಾ ಕಾರಣದ ಭಾಗ. ಡ್ರೈವರನ್ನು ಶುದ್ಧವಾಗಿ ತೆಗೆದು ಹಾಕುವುದು ಇಂಥದೇ ಪ್ರಯೋಗ. ಅನಂತರ ತೊಂದರೆ ಹೋದರೆ ದೋಷವು ಡ್ರೈವರಿನದು. ಹೋಗದಿದ್ದರೆ ಕಾರ್ಡಿನ ಧೂಳು ಮತ್ತು ಕಾವು, ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್, ರ್‍ಯಾಮ್, ಅಥವಾ ಮಾನಿಟರಿನ ತಂತಿಯನ್ನು ಸಂಶಯಿಸಬೇಕು. ತಂತಿಯನ್ನು ಕಾರ್ಡಿಗೆ ಸಿಕ್ಕಿಸುವ ಬದಲು ಮದರ್‌ಬೋರ್ಡಿಗೆ ಸಿಕ್ಕಿಸಿ ಕಾರ್ಡು ಕೆಟ್ಟಿತೆಂದು ಮರುಗಿದವರೂ ಉಂಟು! ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡನ್ನು ಕೂಡಿ ಬದಲಿಸಿದವನು ರೋಗ ವಾಸಿಯಾದರೂ ರೋಗವಾವುದೆಂದು ತಿಳಿಯಲಾರ.

ಇದು ಬರಿಯ ತರ್ಕದ ಮಾತಲ್ಲ. ನಮ್ಮ ತರಗತಿಯ ಮಿತ್ರರೊಬ್ಬರ ಮನೆಯ ಹಳೆಯ ಕಂಪ್ಯೂಟರಿನಲ್ಲಿ ಪರದೆ ಹತ್ತು ನಿಮಿಷಕ್ಕೊಮ್ಮೆ ಕಪ್ಪಾಗತೊಡಗಿತು. ಅಂಗಡಿಯೊಂದರಲ್ಲಿ ಎಲ್ಲವನ್ನೂ ಫಾರ್ಮ್ಯಾಟ್ ಮಾಡಿ ವಿಂಡೋಸನ್ನು ಹೊಸದಾಗಿ ಹಾಕಬೇಕೆಂದರು. ಅವರು ಜಾನಪದದ ಯೋಜನೆಗಾಗಿ ತಮ್ಮ ಅಜ್ಜಿ ಹೇಳಿದ ಸೋಬಾನೆ ಪದಗಳನ್ನು ಧ್ವನಿಮುದ್ರಿಸಿಟ್ಟಿದ್ದುದು ಆ ಡಿಸ್ಕಿನಲ್ಲಿಯೇ, ಬೇರೆ ಪ್ರತಿಯಿರಲಿಲ್ಲ. ಅಜ್ಜಿ ಈಗಿಲ್ಲ. ನಾವಿಬ್ಬರೂ ಕುಳಿತು ಮೊದಲು ಆ ಪದಗಳನ್ನು ಪೆನ್‌ಡ್ರೈವಿಗೆ ಇಳಿಸಿದೆವು; ಆಮೇಲೆ ಮೇಲೆ ಹೇಳಿದ ಕ್ರಮದಲ್ಲಿ ಡ್ರೈವರನ್ನು ತೆಗೆದು ಹಾಕಿದೆವು. ಸಂಜೆಯೊಳಗೆ ಪರದೆ ಸರಿಹೋಯಿತು. ಡ್ರೈವರೊಂದರ ದೋಷಕ್ಕಾಗಿ ಮನೆಯ ನೆನಪುಗಳೆಲ್ಲ ಅಳಿಸಿಹೋಗಬೇಕಾಗಿರಲಿಲ್ಲ.

ಉಪಸಂಹಾರ

ಹೇಳಿದುದನ್ನು ಕೂಡಿಸಿದರೆ ಇಷ್ಟು: ತೆಗೆಯುವ ಮುನ್ನ ತಂದಿಡಬೇಕು, ಮರಳುವ ದಾರಿಯನ್ನು ತೆರೆದಿಡಬೇಕು, ಅಂತರ್ಜಾಲವನ್ನು ಕಡಿದು, ತಕ್ಕ ಸಾಧನದಿಂದ ತೆಗೆದು, ತಾಳ್ಮೆಯಿಂದ ಹಾಕಿ, ಅನಂತರ ಪರೀಕ್ಷಿಸಬೇಕು. ಈ ಕ್ರಮ ತಪ್ಪದವರಿಗೆ ಇದರಲ್ಲಿ ಭಯಪಡುವಂಥದು ಬಹಳವಿಲ್ಲ. ವಿಜ್ಞಾನ ನಮ್ಮ ಪಠ್ಯವಲ್ಲವೆಂದು ಕಲಾ ವಿದ್ಯಾರ್ಥಿಗಳು ದೂರ ನಿಲ್ಲಬೇಕಾದ ಕಾರಣವೂ ಇಲ್ಲ. ಎಚ್ಚರಿಕೆ, ಕ್ರಮ ಮತ್ತು ಕಾರಣವನ್ನು ಅರಸುವ ಬುದ್ಧಿ ಯಾವ ಒಂದು ವಿಭಾಗದ ಸ್ವತ್ತೂ ಅಲ್ಲ. ಮನೆಯವರು ಕಷ್ಟಪಟ್ಟು ಕೊಂಡ ಯಂತ್ರವನ್ನು ನಾವೇ ಅರಿತು ನಡೆಸುವಂತಾದರೆ, ಹಾಗೂ ಅರಿತುದನ್ನು ನೆರೆಯವರಿಗೂ ಹೇಳಿಕೊಟ್ಟರೆ, ನಾವು ಕಲಿತ ವಿದ್ಯೆಯ ಒಂದು ಪಾಲಾದರೂ ಮನೆಗೆ ಸಂದಂತಾಯಿತು.