ಕಿವಿಯ ಆಪರೇಷನ್‌ಗೆ ಮೊದಲು ಹೃದಯಕ್ಕೂ ಒಂದು ಇಸಿಜಿ



"ಮಗುವಿಗೆ ಒಂದೂವರೆ ವರ್ಷವಾದರೂ ಮಾತಿಲ್ಲ. ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ, ಟಿವಿಯಲ್ಲಿ ಹಿಂದಿ. ಅದಕ್ಕೇ ಗೊಂದಲ." ಊರು ಬಿಟ್ಟು ಬಂದ ನಮ್ಮ ಮನೆಗಳಲ್ಲಿ ಹೀಗೆ ಸಮಾಧಾನ ಹೇಳಿಕೊಳ್ಳುವುದುಂಟು. ಆದರೆ ಎರಡು ಮೂರು ಭಾಷೆ ಕಿವಿಗೆ ಬಿದ್ದರೆ ಮಗುವಿನ ಮಾತು ನಿಲ್ಲುವುದಿಲ್ಲ. ಮೊದಲು ಕಿವಿ ಕೇಳುತ್ತದೆಯೇ ಎಂದು ಪರೀಕ್ಷೆ ಮಾಡಿಸಿ.

*ಯಾವಾಗ, ಎಲ್ಲಿ?*
ಹುಟ್ಟಿದ 1 ತಿಂಗಳೊಳಗೆ ಮೊದಲ ತಪಾಸಣೆ, 3 ತಿಂಗಳೊಳಗೆ ದೋಷ ಖಚಿತ, 6 ತಿಂಗಳೊಳಗೆ ಚಿಕಿತ್ಸೆ ಶುರು. ಓಎಇ ಮತ್ತು ಬೆರಾ ಪರೀಕ್ಷೆಗಳನ್ನು ಮಗು ಮಲಗಿದ್ದಾಗಲೇ ಮಾಡುತ್ತಾರೆ, ನೋವಿಲ್ಲ. ನಮ್ಮೂರು ತಳೇಗಾಂವ ದಾಭಾಡೆಯ ಮಿಮರ್ ಮೆಡಿಕಲ್ ಕಾಲೇಜು ಆಸ್ಪತ್ರೆಯ ಇಎನ್‌ಟಿ ವಿಭಾಗದಲ್ಲಿ ವಿಚಾರಿಸಿ. ಅಂಗನವಾಡಿಗೆ ಬರುವ ಆರ್‌ಬಿಎಸ್‌ಕೆ ತಂಡಕ್ಕೂ ತೋರಿಸಬಹುದು.

*ಕಾಕ್ಲಿಯರ್ ಇಂಪ್ಲಾಂಟ್ ಏನು ಮಾಡುತ್ತದೆ?*
ಹಿಯರಿಂಗ್ ಏಡ್ ಶಬ್ದವನ್ನು ಜೋರು ಮಾಡುತ್ತದೆ. ಅದರಿಂದ ಪ್ರಯೋಜನವಾಗದಷ್ಟು ದೋಷವಿದ್ದರೆ ಇಂಪ್ಲಾಂಟ್ ಕಿವಿಯ ನರಕ್ಕೇ ನೇರವಾಗಿ ವಿದ್ಯುತ್ ಸಂಕೇತ ಕಳಿಸುತ್ತದೆ. ಆಪರೇಷನ್ ಆದ ಸುಮಾರು 2ರಿಂದ 4 ವಾರಕ್ಕೆ ಯಂತ್ರ ಆನ್ ಮಾಡುತ್ತಾರೆ. ಆಮೇಲೆ ಮಾತು ಕಲಿಸುವ ತರಬೇತಿ ವರ್ಷಗಟ್ಟಲೆ ನಡೆಯಬೇಕು.

*ಹೃದಯದ ಡಾಕ್ಟರ್ ಇದನ್ನೇಕೆ ಬರೆಯುತ್ತಿದ್ದಾರೆ?*
1957ರಲ್ಲಿ ನಾರ್ವೆಯ ಯರ್ವೆಲ್ ಮತ್ತು ಲಾಂಗೆ-ನೀಲ್ಸನ್ ಎಂಬ ವೈದ್ಯರು ಒಂದು ಕುಟುಂಬದ ಬಗ್ಗೆ ಬರೆದರು. ಆ ಮನೆಯ ನಾಲ್ಕು ಮಕ್ಕಳಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ, ಆಗಾಗ ಎಚ್ಚರ ತಪ್ಪುತ್ತಿತ್ತು. ಮೂವರು ಹಠಾತ್ತಾಗಿ ತೀರಿಕೊಂಡರು. ತೆಗೆದ ಇಸಿಜಿಗಳಲ್ಲಿ ಕ್ಯೂಟಿ ಎಂಬ ಅಂತರ ಉದ್ದವಾಗಿತ್ತು.

ಪೊಟ್ಯಾಷಿಯಂ ಓಡಾಡುವ ಒಂದೇ ಬಗೆಯ ಸೂಕ್ಷ್ಮ ದಾರಿ ಒಳಕಿವಿಯಲ್ಲೂ ಇದೆ, ಹೃದಯದಲ್ಲೂ ಇದೆ. ಅದು ಕೆಟ್ಟರೆ ಎರಡಕ್ಕೂ ಪೆಟ್ಟು. ಕಾಯಿಲೆ ಅಪರೂಪ. ಆದರೆ ತಂದೆ ತಾಯಿ ಇಬ್ಬರಿಂದಲೂ ಬರುವ ದೋಷವಾದ್ದರಿಂದ, ಸೋದರಮಾವ, ಅತ್ತೆ ಮಗ ಎಂದು ಸಂಬಂಧದಲ್ಲೇ ಮದುವೆಯಾದ ಮನೆಗಳಲ್ಲಿ ಸಾಧ್ಯತೆ ಹೆಚ್ಚು.

*ನೆನಪಿಡಿ:*
1. ಹುಟ್ಟಿನಿಂದ ಎರಡೂ ಕಿವಿ ಕೇಳದ ಪ್ರತಿ ಮಗುವಿಗೂ ಇಸಿಜಿ ಮಾಡಿಸಿ, ಅರಿವಳಿಕೆ ಕೊಡುವ ಮೊದಲೇ. ಕೆಲವೇ ನಿಮಿಷದ ಕೆಲಸ.
2. ಓಡುವಾಗ, ಬೆಚ್ಚಿಬಿದ್ದಾಗ, ಅಳುವಾಗ ಮಗು ಎಚ್ಚರ ತಪ್ಪಿದರೆ "ಫಿಟ್ಸ್" ಎಂದುಕೊಂಡು ಸುಮ್ಮನಾಗಬೇಡಿ.
3. ಕ್ಯೂಟಿ ಉದ್ದವಿದ್ದರೂ ಧೈರ್ಯಗೆಡಬೇಡಿ. ಔಷಧಿ ಶುರು ಮಾಡಿ, ಮುಂಜಾಗ್ರತೆ ವಹಿಸಿ ಇಂಪ್ಲಾಂಟ್ ಮಾಡಬಹುದು. ಅಂಥ ಮಗುವಿಗೆ ಕೆಲವು ಆಂಟಿಬಯಾಟಿಕ್, ವಾಂತಿ ನಿಲ್ಲಿಸುವ ಔಷಧಿಗಳೂ ಅಪಾಯ. ಮೆಡಿಕಲ್ ಶಾಪಿನಿಂದ ಕೇಳಿ ತರಬೇಡಿ.
4. ಒಡಹುಟ್ಟಿದವರಿಗೂ ಇಸಿಜಿ ಮಾಡಿಸಿ.

*ಖರ್ಚು, ತರಬೇತಿ*
ಹುಟ್ಟಿನಿಂದ ಕಿವಿ ಕೇಳದ 5 ವರ್ಷದೊಳಗಿನ ಮಕ್ಕಳಿಗೆ, ಆದಾಯದ ಮಿತಿಯೊಳಗೆ, ಕೇಂದ್ರ ಸರ್ಕಾರದ ಎಡಿಪ್ ಯೋಜನೆಯಲ್ಲಿ ಇಂಪ್ಲಾಂಟ್‌ಗೆ ನೆರವಿದೆ. ಕನ್ನಡದಲ್ಲೇ ಮಾತಿನ ತರಬೇತಿ ಬೇಕೆನಿಸಿದರೆ 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯನ್ನು ಕೇಳಿ. ಮನೆಯಲ್ಲಿ ನಿಮಗೆ ಸಲೀಸಾಗಿ ಬರುವ ಭಾಷೆಯಲ್ಲೇ ಮಗುವಿನ ಜೊತೆ ಮಾತಾಡಿ.

ಇದು ತಿಳಿವಳಿಕೆಗಾಗಿ ಮಾತ್ರ. ನಿಮ್ಮ ಮಗುವಿನ ವಿಷಯವನ್ನು ನಿಮ್ಮ ವೈದ್ಯರ ಬಳಿಯೇ ಕೇಳಿ. ಮಾತು ತಡವಾದ ಮಗು ಇರುವ ಮನೆಗೆ ಇದನ್ನು ತಪ್ಪದೆ ಕಳಿಸಿ.