ತೋಟದ ಬಾವಿ ನೀರು ಕುಡಿಯುವವರಿಗೆ
ಗದ್ದೆ, ತೋಟದ ಪಕ್ಕದ ಬಾವಿಯ ನೀರು ಕುಡಿಯುತ್ತೀರಾ? ಕುದಿಸಿದರೆ ರೋಗಾಣು ಸಾಯುತ್ತದೆ, ನಿಜ. ಆದರೆ ಹೆಚ್ಚಿನ ಕೀಟನಾಶಕಗಳು ಕುದಿಸಿದರೂ ನೀರಿನಲ್ಲೇ ಉಳಿಯುತ್ತವೆ. ಅವನ್ನು ಹಿಡಿಯುವುದು ಇದ್ದಿಲು. ಆದರೆ ಒಲೆಯಲ್ಲಿ ಉಳಿದ ಇದ್ದಿಲನ್ನು ನಂಬಬೇಡಿ. ಬೇಕಾದದ್ದು ತೆಂಗಿನ ಚಿಪ್ಪಿನಂಥವನ್ನು ಸುಟ್ಟು, ವಿಪರೀತ ಶಾಖದಲ್ಲಿ ಹಬೆ ಹಾಯಿಸಿ ಸಿದ್ಧಪಡಿಸಿದ ಸಕ್ರಿಯ ಇಂಗಾಲ. ಅದರ ಒಂದೇ ಗ್ರಾಂನಲ್ಲಿರುವ ಸೂಕ್ಷ್ಮ ರಂಧ್ರಗಳ ಒಳಮೈ 500 ಚದರ ಮೀಟರಿಗೂ ಮಿಗಿಲು! ವಿಷದ ಅಣುಗಳು ಅಲ್ಲಿ ಅಂಟಿಕೊಳ್ಳುತ್ತವೆ. ಇದರ ಮೂಲಕ ನೀರು ನಿಧಾನವಾಗಿ ಹರಿದಷ್ಟೂ ಒಳ್ಳೆಯದು. ಆ ಜಾಗವೆಲ್ಲ ತುಂಬಿದ ಮೇಲೆ ಇದ್ದಿಲು ಕೈಚೆಲ್ಲುತ್ತದೆ, ನೀರಿನ ಬಣ್ಣ ನೋಡಿದರೆ ಅದು ಗೊತ್ತಾಗದು. ಆದ್ದರಿಂದ ಅವಧಿ ಮುಗಿಯುವ ಮೊದಲೇ ಫಿಲ್ಟರಿನ ಇದ್ದಿಲು ಕಾರ್ಟ್ರಿಡ್ಜ್ ಬದಲಿಸಿ. ಫ್ಲೋರೈಡ್, ನೈಟ್ರೇಟ್ ಇದ್ದಿಲಿಗೆ ಬಗ್ಗುವುದಿಲ್ಲ. ಸೋಸಿದ ನೀರನ್ನೂ ಕುದಿಸಿಯೇ ಕುಡಿಯಿರಿ. ಔಷಧಿ ಹೊಡೆದ ಪಂಪನ್ನು ದಯವಿಟ್ಟು ಬಾವಿಕಟ್ಟೆಯ ಹತ್ತಿರ ತೊಳೆಯಬೇಡಿ.