ಗೇಜ್ ರಿಜಿಸ್ಟರಿನ ನಕಲು ಕೇಳಿ

ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದಿನಿಂದ ರಾಯಚೂರಿನ ಕಡೆಗೆ ಸುಮಾರು 227 ಕಿ.ಮೀ. ಹರಿಯಬೇಕು. ಹರಿಯಬೇಕು ಎಂದೆ, ಹರಿಯುತ್ತದೆ ಎನ್ನಲಿಲ್ಲ. ಅಚ್ಚುಕಟ್ಟಿನ ಬಹುಪಾಲನ್ನು ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗೆಂದೇ ಗೊತ್ತುಮಾಡಿದ್ದರು. ಆದರೆ ಮೇಲ್ಭಾಗಕ್ಕೆ ಭತ್ತ ಬಂತು, ಗಂಗಾವತಿ, ಸಿಂಧನೂರಿನಲ್ಲಿ ರೈಸ್‌ಮಿಲ್ಲುಗಳೆದ್ದವು. ಮಾನ್ವಿ, ಸಿರವಾರ ಕಡೆಯ ಕೊನೆಭಾಗದಲ್ಲಿ ನೀರು ಬಾರದೆ ಕಾಲುವೆ ಹೊಲದವರೂ ಬೆಂಗಳೂರಿಗೆ ಗುಳೆ ಹೊರಟರು. ಮೇಲಿನವನಿಗೆ ಆಳು ಸಿಗದ ಚಿಂತೆ, ಕೆಳಗಿನವನಿಗೆ ಕೂಲಿ ಸಿಗದ ಚಿಂತೆ.

ಅನುಮತಿಯಿಲ್ಲದೆ ಕಾಲುವೆ ಒಡೆಯುವುದು, ಪೈಪು ಇಳಿಸಿ ನೀರೆತ್ತುವುದು ಕರ್ನಾಟಕ ನೀರಾವರಿ ಕಾಯ್ದೆ, 1965ರಡಿ ಅಪರಾಧ. ಸಿಟ್ಟಿನಲ್ಲಿ ನೀವೇ ಗೇಟು ಎತ್ತಿದರೂ ಅದೇ ಕಾಯ್ದೆ ನಿಮ್ಮ ಮೇಲೂ ಬೀಳುತ್ತದೆ. ರಸ್ತೆ ತಡೆದು ಕೇಸು ಹಾಕಿಸಿಕೊಂಡ ರೈತರನ್ನು ಕಂಡಿದ್ದೇನೆ. ಅವರಲ್ಲಿ ನೀರು ಬಂದಿಲ್ಲವೆಂಬುದಕ್ಕೆ ಒಂದು ಕಾಗದವೂ ಇರಲಿಲ್ಲ.

ಆ ಕಾಗದ ಇರುವುದು ನೀರಾವರಿ ಇಲಾಖೆಯಲ್ಲೇ. ತೂಬಿನ ಪಕ್ಕದ ಗೋಡೆಯ ಮೇಲೆ ಪಾಚಿ ಮುಚ್ಚಿದ ಅಡಿ ಗುರುತುಗಳಿರುತ್ತವಲ್ಲ, ಅವನ್ನು ನೋಡಿ ನೀರಿನ ಮಟ್ಟ ಬರೆದಿಡುವ ಪುಸ್ತಕವೇ ಗೇಜ್ ರಿಜಿಸ್ಟರ್. ಮಾಹಿತಿ ಹಕ್ಕು ಕಾಯ್ದೆ, 2005ರಡಿ ಅದರ ನಕಲು ಕೇಳಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಒಳಗೆ. ಆದ್ದರಿಂದ ಗೋಳು ಬರೆಯಬೇಡಿ. ಉಪಕಾಲುವೆಯ ಸಂಖ್ಯೆ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಎಂದಷ್ಟೇ ಬರೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗ.

ನಕಲು ಕೈಗೆ ಬಂದಮೇಲೆ ಎಕ್ಸಿಕ್ಯೂಟಿವ್ ಎಂಜಿನಿಯರಿಗೆ ಲಿಖಿತ ದೂರು ಕೊಡಿ. ಪಹಣಿ, ನೀರಿನ ಕರ ಕಟ್ಟಿದ ರಸೀದಿ, ಒಣಗಿದ ಪೈರಿನ ಫೋಟೊ ಲಗತ್ತಿಸಿ, ಸ್ವೀಕೃತಿ ಮುದ್ರೆ ಹಾಕಿಸಿಕೊಂಡೇ ಹೊರಬನ್ನಿ. ಮುಂದೆ ಹೈಕೋರ್ಟಿನ ಕಲಬುರಗಿ ಪೀಠಕ್ಕೆ ರಿಟ್ ಹಾಕಿದರೆ, ಅಧಿಕಾರಿಗೆ ಮೊದಲು ಮನವಿ ಕೊಟ್ಟಿದ್ದೀರಾ ಎಂಬ ಪ್ರಶ್ನೆ ಬಂದೇ ಬರುತ್ತದೆ.

ನೀರು ಬಳಕೆದಾರರ ಸಹಕಾರ ಸಂಘದಲ್ಲಿ ಹೆಸರಿದ್ದರೆ ಸಂಘದ ಲೆಟರ್‌ಹೆಡ್ಡಿನಲ್ಲೇ ಬರೆಯಿರಿ. ಹಲವು ಕಡೆ ಸಂಘವೂ ಮೇಲ್ಭಾಗದವರ ಕೈಯಲ್ಲಿರುತ್ತದೆ, ನಿಜ. ಆಗ ಸುತ್ತಲಿನ ಹತ್ತು ಹೊಲದವರು ಸೇರಿ ಸಹಿ ಹಾಕಿ. ವಕೀಲರ ಫೀಸಿಗೆ ಹೆದರಬೇಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದ ನೆರವು ಉಚಿತ. ಹೊಲ ಹೆಂಡತಿಯ ಹೆಸರಿನಲ್ಲಿದ್ದರೆ ಅರ್ಜಿ ಅವರೇ ಕೊಡಲಿ.